ಇಲ್ಲದ ಕೆಮ್ಮಿನ ಕಷಾಯ

ನನ್ನ ಬಲಗಾಲಿನ ಹೆಬ್ಬೆರಳಿಗೆ ಒಂದು ಕೆಟ್ಟ ಚಟವಿದೆ. ನಾನು ಎಲ್ಲಿಯಾದರೂ ಸುಮ್ಮನೆ ಕುಳಿತರೆ ಸಾಕು, ಅದು ತನ್ನಷ್ಟಕ್ಕೆ ತಾನೇ ಹಿಂದೆ ಮುಂದೆ ಆಡತೊಡಗುತ್ತದೆ. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ, ಯಾರದೋ ಮನೆಯ ಬಸುರಿಯ ಕುಬಸದಲ್ಲಿ, ಸತ್ತವರ ಮನೆಗೆ ಮಾತಾಡಿಸಲು ಹೋದಾಗಲೂ ಅದಕ್ಕೆ ಹೊತ್ತುಗೊತ್ತು ತಿಳಿಯುವುದಿಲ್ಲ. ಈಚೆಗೆ ನನ್ನನ್ನು ನೋಡಲು ವರನ ಕಡೆಯವರು ಬಂದಿದ್ದರು. ಚಾಪೆಯ ಮೇಲೆ ತಲೆ ಬಗ್ಗಿಸಿ, ಕೈ ಮಡಿಚಿ, ಬಹಳ ಮರ್ಯಾದೆಯಿಂದ ಕುಳಿತಿದ್ದೆ. ಬೆರಳು ಮಾತ್ರ ಕುಣಿಯುತ್ತಿತ್ತು. ಅವರು ಹೋದ ಮೇಲೆ ಎದುರುಮನೆಯ ಗಂಗಾ ಕಾಕು ಬಾಗಿಲಲ್ಲಿ ನಿಂತು ಕೇಳಿದಳು:

“ಏನವಾ ನೀಲಾ, ಯಾರನ್ನ ತೂಗಾಕತ್ತಿದ್ದಿ? ಮದುವಿ ಆಗೂಕಿಂತ ಮೊದಲ ಕೂಸು ತೂಗೂದನ್ನ ನೋಡಿ ಆ ಹುಡುಗ ಹೆದರಿ ಓಡಿದ ನೋಡು!”

ನಾನೂ ನಕ್ಕೆ. ಈ ಬೆರಳು ತೂಗಿದ್ದು ನನ್ನ ತಮ್ಮ ಶಂಕ್ರುವನ್ನು. ಅವನಿಗೆ ಈಗ ಒಂಬತ್ತು ವರ್ಷ. ಅವನನ್ನು ಮಲಗಿಸಲು ಈಗ ನಮ್ಮ ಮನೆಯಲ್ಲಿ ಯಾರ ಬೆರಳಿಗೂ ಆಗುತ್ತಿಲ್ಲ.

ನಮ್ಮದು ನೇಕಾರರ ಮನೆ. ಗಜೇಂದ್ರಗಡದ ಗುಡ್ಡದ ಬುಡಕ್ಕೆ ನಮ್ಮ ಓಣಿ. ಪಡಸಾಲೆಯ ಅರ್ಧವನ್ನು ಮಗ್ಗ ನುಂಗಿದೆ, ಉಳಿದರ್ಧದಲ್ಲಿ ನಾವು ಉಣ್ಣುತ್ತೇವೆ, ಮಲಗುತ್ತೇವೆ, ಜಗಳಾಡುತ್ತೇವೆ. ಅಪ್ಪ ನೇಯುತ್ತಾನೆ, ಅವ್ವ ಅವನ ಕೈಕೆಳಗೆ ಉಳಿದೆಲ್ಲವನ್ನೂ ಮಾಡುತ್ತಾಳೆ. ನಾನು ಏಳನೆಯ ತರಗತಿ ಮುಗಿಸಿ ಸಾಲೆ ಬಿಟ್ಟಂದಿನಿಂದ ರಾಟೆಯ ಮುಂದೆ ಕುಳಿತು ಕಂಡಿಕೆ ಸುತ್ತುತ್ತೇನೆ. ಲಾಳಿಯ ಹೊಟ್ಟೆಯೊಳಗೆ ಕೂರುವ ಸಣ್ಣ ಕೊಳವೆಗೆ ನೂಲು ಸುತ್ತುವ ಕೆಲಸ ಅದು. ಎರಡೂ ಕೈ ಬೇಕು, ಕಾಲು ಬೇಕಿಲ್ಲ. ಆದ್ದರಿಂದ ನಾನು ಹರೆಯಕ್ಕೆ ಬಂದ ಮೇಲೆ ಅವ್ವ ಮತ್ತೆ ಬಸುರಾಗಿ ಶಂಕ್ರುವನ್ನು ಹೆತ್ತಾಗ, ತೊಟ್ಟಿಲ ಹಗ್ಗದ ತುದಿಯನ್ನು ತಂದು ನನ್ನ ಹೆಬ್ಬೆರಳಿಗೆ ಕಟ್ಟಿದಳು. ಖಾಲಿ ಇದ್ದ ಅಂಗ ಅದೊಂದೇ.

ಓಣಿಯವರು ಆ ವರ್ಷ ಬಾಯಿ ಮುಚ್ಚಲಿಲ್ಲ. “ಮಗಳಿಗೆ ತೊಟ್ಲಾ ಕಟ್ಟೂ ಹೊತ್ತಿನ್ಯಾಗ ಅವ್ವಾನ ತೊಟ್ಲಾ ಕಟ್ಟ್ಯಾಳ” ಎಂದು ನಳದ ಹತ್ತಿರ ಆಡಿಕೊಂಡರು. ಅವ್ವ ಸೆರಗನ್ನು ಮುಖದ ಮುಂದಕ್ಕೆ ಎಳೆದುಕೊಂಡೇ ನೀರು ತಂದಳು. ತಡವಾಗಿ ಹೆತ್ತೆನೆಂಬ ಆ ನಾಚಿಕೆ ಅವಳಲ್ಲಿ ಆರಲೇ ಇಲ್ಲ. ಮುಂದೆ ಅದು ನಾಚಿಕೆಗಿಂತ ಕೆಟ್ಟದ್ದಾಯಿತು.

ಮಗ್ಗದ ಮನೆಯ ಕೂಸುಗಳ ನಿದ್ದೆ ಬೇರೆಯವರಿಗೆ ತಿಳಿಯುವುದಿಲ್ಲ. ಬೇರೆ ಮನೆಗಳಲ್ಲಿ ಕೂಸು ಮಲಗಿದರೆ ಸದ್ದು ಮಾಡಬೇಡಿರೆನ್ನುತ್ತಾರೆ. ನಮ್ಮಲ್ಲಿ ಸದ್ದು ನಿಂತರೆ ಕೂಸು ಏಳುತ್ತದೆ. ನಾನು ಸಣ್ಣವಳಿದ್ದಾಗ ಮಗ್ಗದ ಪಕ್ಕದಲ್ಲೇ, ನೂಲಿನ ಧೂಳಿನಲ್ಲಿ ಮಲಗುತ್ತಿದ್ದೆನಂತೆ. ಅಪ್ಪ ಬೀಡಿ ಸೇದಲು ಮೇಲೆದ್ದನೆಂದರೆ ಕಣ್ಣು ಬಿಟ್ಟು ಅಳುತ್ತಿದ್ದೆನಂತೆ. ಅಪ್ಪ ಅರ್ಧ ಬೀಡಿ ಎಸೆದು ಓಡಿಬಂದು ಮತ್ತೆ ಲಾಳಿ ಎಳೆಯುತ್ತಿದ್ದನಂತೆ. “ನಿನ್ನಿಂದ ಎಷ್ಟ ಬೀಡಿ ದಂಡ ಆಗ್ಯಾವೋ!” ಎಂದು ಈಗಲೂ ಅನ್ನುತ್ತಾನೆ. ಶಂಕ್ರುವೂ ಹಾಗೆಯೇ. ಖಟಕ್ ಖಟಕ್ ಎನ್ನುವ ಸದ್ದು, ಅದರ ಜೊತೆಗೆ ನನ್ನ ಬೆರಳಿನ ಎಳೆತ, ಅಷ್ಟಿದ್ದರೆ ಅವನ ಬಾಯಿ ತೆರೆದುಕೊಳ್ಳುತ್ತಿತ್ತು, ಜೊಲ್ಲು ಇಳಿಯುತ್ತಿತ್ತು.

ನಡೆಯಲು ಕಲಿತ ಮೇಲೆ ಅವನನ್ನು ಹಿಡಿಯುವುದೇ ಕಷ್ಟವಾಯಿತು. ನಮ್ಮ ಓಣಿಯಲ್ಲಿ ಬೆಳಗಿನ ಹೊತ್ತು ಮಗ್ಗಕ್ಕೇರಿಸುವ ಉದ್ದೆಳೆಗಳ ಹಾಸನ್ನು ಈ ತುದಿಯಿಂದ ಆ ತುದಿಗೆ ಕಟ್ಟಿಗೆಗಳ ಮೇಲೆ ಎಳೆದು ಕಟ್ಟಿ ಗಂಜಿ ಹಚ್ಚುತ್ತಾರೆ. ಮಕ್ಕಳಿಗೆ ಅದರ ಕೆಳಗೆ ನುಸುಳಿ ಓಡುವುದೇ ಆಟ. ದೊಡ್ಡವರು ಬ್ರಷ್ಷು ಹಿಡಿದುಕೊಂಡೇ, “ನೂಲಿಗೆ ತಲಿ ಹಚ್ಚಿದ್ರ ತಲೀನ ಕಿತ್ತ ಇಡತೀನಿ ನೋಡ್ರಲೇ!” ಎಂದು ಕೂಗುತ್ತಾರೆ. ಶಂಕ್ರು ಮೂರು ತುಂಬುವ ಮೊದಲೇ ಒಂದೆಳೆಯೂ ಅಲುಗದಂತೆ ಬಗ್ಗಿ ಓಡುವುದನ್ನು ಕಲಿತಿದ್ದ. ಅವನ ಹಿಂದೆ ಓಡಿದ ನಾನು ಮಾತ್ರ ಪ್ರತಿ ಸಲ ನೂಲು ಹರಿದು ಬೈಸಿಕೊಳ್ಳುತ್ತಿದ್ದೆ. ಸಂಜೆ ಅವನ ಕಾಲು ತೊಳೆಯುವಾಗಲೇ ತೂಕಡಿಸುತ್ತಿದ್ದ.

ಆಮೇಲೆ ಕೊರೋನಾ ಬಂತು. ಸಾವಕಾರ ನೂಲು ಕೊಡುವುದನ್ನು ನಿಲ್ಲಿಸಿದ. ನೇಯ್ದ ಸೀರೆಗಳು ಅವನ ಅಂಗಡಿಯಲ್ಲೇ ಬಿದ್ದಿದ್ದವು. ಮಗ್ಗದ ಮೇಲಿದ್ದ ಹಾಸು ಮುಗಿದ ದಿನ ಅಪ್ಪ ಕೈ ಒರೆಸಿಕೊಂಡು ಎದ್ದ. ಅಂದು ಮಧ್ಯಾಹ್ನ ಓಣಿಯಲ್ಲಿ ಒಂದು ಮಗ್ಗವೂ ಮಾತಾಡಲಿಲ್ಲ. ಅಂಥ ಸದ್ದಿಲ್ಲದ ಮಧ್ಯಾಹ್ನವನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ಶಂಕ್ರು ಮಲಗಲಿಲ್ಲ. ಮಗ್ಗದ ಕಂಬ ಹಿಡಿದು ನಿಂತು, “ಅಪ್ಪಾ, ಖಟಕ್ ಮಾಡು” ಎಂದು ಹಟ ಹಿಡಿದ. ಅಪ್ಪ ಒಂದೆರಡು ದಿನ ಹಾಸಿಲ್ಲದ ಮಗ್ಗದಲ್ಲಿ ಕುಳಿತು ಖಾಲಿ ಲಾಳಿಯನ್ನೇ ಅತ್ತಿಂದಿತ್ತ ಎಳೆದ. ಏನೂ ನೇಯದೆ ಎಳೆಯುವುದು ಎಷ್ಟು ಕಷ್ಟವೆಂದು ಅವನ ಮುಖ ನೋಡಿದರೆ ತಿಳಿಯುತ್ತಿತ್ತು. ಕೂಸು ಮಲಗುತ್ತಿತ್ತು, ಅಪ್ಪನ ಕಣ್ಣಲ್ಲಿ ನೀರು ಬರುತ್ತಿತ್ತು. ಆಮೇಲೆ ಹೊಲದ ಕೆಲಸಕ್ಕಾದರೆ ಪೊಲೀಸರು ಬಿಡುತ್ತಾರೆಂದು ಗೊತ್ತಾಗಿ, ನರೇಗಲ್ ಕಡೆಯ ಹೊಲಗಳಿಗೆ ಅಪ್ಪ ಅವ್ವ ಇಬ್ಬರೂ ನಸುಕಿನಲ್ಲೇ ಹೋಗತೊಡಗಿದರು. ಹೋಗುವಾಗ ಅವ್ವ ನನಗೆ ಹೇಳಿದ್ದು ಇಷ್ಟೇ: “ಅಂವನ್ನ ಹೊರಗ ಬಿಡಬ್ಯಾಡ. ಮಧ್ಯಾಹ್ನ ಮಲಗಸು.”

ಮೊದಲ ದಿನ ತೂಗಿದೆ, ಹಾಡಿದೆ, ಹೆದರಿಸಿದೆ. ನೆಲಕ್ಕೆ ರಾಟೆಯ ಹಿಡಿಕೆ ಬಡಿದು ಖಟಕ್ ಖಟಕ್ ಅನ್ನಿಸಿದೆ. ಅವನು ನಕ್ಕ. ಆಗ ನನ್ನ ತಲೆಗೆ ಹೊಳೆಯಿತು. ನನ್ನ ಹತ್ತಿರ ದೊಡ್ಡ ಮೊಬೈಲ್ ಇತ್ತು. ಅದರಲ್ಲಿ ಮಗ್ಗದ ವಿಡಿಯೋ ಹುಡುಕಿದೆ. ಯಾವುದೋ ಊರಿನ ಯಾರೋ ಮುದುಕ ನೇಯುತ್ತಿದ್ದ. ನಮ್ಮದೇ ಸದ್ದು. ಮೊಬೈಲನ್ನು ತಲೆದಿಂಬಿನ ಪಕ್ಕಕ್ಕಿಟ್ಟೆ. ಶಂಕ್ರುವಿನ ಕಣ್ಣು ಮುಚ್ಚಿದವು.

ನನಗೆ ಆದ ಹೆಮ್ಮೆ ಏನು ಹೇಳಲಿ! ಕಿಟಕಿಯಿಂದ ಗಂಗಾ ಕಾಕುವನ್ನು ಕರೆದು ತೋರಿಸಿದೆ. “ಅಬಾಬಾ, ಏಳನೇತ್ತಾ ಕಲತಾಕಿ ಎಷ್ಟ ಶ್ಯಾಣ್ಯಾ ಅದಾಳ!” ಎಂದಳು. ಅವಳೂ ತನ್ನ ಮೊಮ್ಮಗಳಿಗೆ ಅದನ್ನೇ ಹಚ್ಚಿದಳು. ಓಣಿಯ ಮಗ್ಗಗಳು ಸುಮ್ಮನಿದ್ದವು, ತಲೆದಿಂಬುಗಳ ಪಕ್ಕದಲ್ಲಿ ಮೊಬೈಲ್‌ಗಳು ನೇಯುತ್ತಿದ್ದವು. ಮಗ್ಗದವರಲ್ಲದೆ ಬೇರೆ ಯಾರೂ ಇಂಥ ತಪ್ಪು ಮಾಡಲಾರರು.

ಏಕೆಂದರೆ ಮಗ್ಗಕ್ಕೂ ಮೊಬೈಲಿಗೂ ಒಂದು ವ್ಯತ್ಯಾಸವಿದೆ. ಮಗ್ಗ ಮಗ್ಗವಾಗಿಯೇ ಇರುತ್ತದೆ. ಮೊಬೈಲಿನಲ್ಲಿ ಮುದುಕ ನೇಯುವುದು ಮುಗಿದ ಕೂಡಲೇ ತಾನಾಗಿಯೇ ಇನ್ನೊಂದು ಬರುತ್ತದೆ. ಒಂದು ದಿನ ಮಾತಾಡುವ ಕಾರು ಬಂತು. ಇನ್ನೊಂದು ದಿನ ಬಣ್ಣದ ಮೊಟ್ಟೆ ಒಡೆಯುವ ಕೈಗಳು ಬಂದವು. ಅರೆನಿದ್ದೆಯಲ್ಲಿದ್ದ ಶಂಕ್ರು ಕಣ್ಣು ಬಿಟ್ಟು ನೋಡಿದ. ಆಮೇಲೆ ಮುಚ್ಚಲಿಲ್ಲ. ನನಗೆ ಗೊತ್ತಾಗಲಿಲ್ಲವೇ ಎಂದರೆ, ಗೊತ್ತಾಯಿತು. ಎದ್ದು ಕಸಿದುಕೊಳ್ಳಬಹುದಿತ್ತು. ಕಸಿದುಕೊಳ್ಳಲಿಲ್ಲ.

ಯಾಕೆಂಬುದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ನನ್ನ ಕೈಗಳು ಆಗ ಮೊದಲ ಬಾರಿಗೆ ಖಾಲಿಯಾಗಿದ್ದವು. ನೂಲು ಹರಿದು ಹರಿದು ಬೆರಳ ಸಂದಿಯಲ್ಲಿ ಬಿದ್ದ ಗೆರೆಗಳು ಮೆಲ್ಲಗೆ ಮಾಯುತ್ತಿದ್ದವು. ಮಧ್ಯಾಹ್ನ ತಂಪು ನೆಲದ ಮೇಲೆ ಅಂಗಾತ ಬಿದ್ದುಕೊಂಡು ಜಂತಿ ನೋಡುತ್ತಿದ್ದೆ. ಗುಡ್ಡದ ಕಡೆಯಿಂದ ಗಾಳಿ ಬರುತ್ತಿತ್ತು. ಯಾರೂ “ನೀಲಾ, ಕಂಡಕಿ” ಎಂದು ಕೂಗುತ್ತಿರಲಿಲ್ಲ. ಊರೆಲ್ಲ ಅಳುತ್ತಿದ್ದಾಗ ನಾನು ಸುಖಪಟ್ಟೆ. ಮಗು ಮಲಗಬೇಕಾದ ಹೊತ್ತಿನಲ್ಲಿ ನಾನು ಮಲಗಿದೆ, ಗೊರಕೆ ಹೊಡೆದು ಮಲಗಿದೆ. ಅವನು ನನ್ನ ಪಕ್ಕದಲ್ಲಿ ಗೋಡೆಗೆ ಒರಗಿ, ಮಂಡಿಯ ಮೇಲೆ ಮೊಬೈಲ್ ಇಟ್ಟುಕೊಂಡು, ನೀಲಿ ಬೆಳಕಿನ ಮುಖ ಮಾಡಿಕೊಂಡು ಕುಳಿತಿರುತ್ತಿದ್ದ.

ಸಂಜೆ ಅವ್ವ ಬರುವ ಹೊತ್ತಿಗೆ ಮೊಬೈಲ್ ನೂಲಿನ ಬುಟ್ಟಿಯ ತಳಕ್ಕೆ ಹೋಗುತ್ತಿತ್ತು. “ಮಲಗಿದ್ನೇನು?” ಎಂದು ಅವ್ವ ಕೇಳುತ್ತಿದ್ದಳು. “ಹೂಂ, ಚಲೋ ನಿದ್ದಿ ಮಾಡಿದ.” ಮಣ್ಣಾದ ಕೈಯಲ್ಲೇ ಅವನ ಗಲ್ಲ ಸವರಿ ಅವ್ವ ಮಲಗಿಬಿಡುತ್ತಿದ್ದಳು. ರಾತ್ರಿ ಅವನಿಗೆ ನಿದ್ದೆ ಬರುತ್ತಿರಲಿಲ್ಲ. ಗಲಾಟೆ ಮಾಡಿದರೆ ಅವ್ವ ಎದ್ದಾಳೆಂದು ಹೊದ್ದ ಕೌದಿಯೊಳಗೆ ಸದ್ದು ತೆಗೆದು ಮತ್ತೆ ಅದನ್ನೇ ಕೊಡುತ್ತಿದ್ದೆ. ಒಂದು ದಿನ ಅವನು ಅವ್ವನ ಮುಂದೆ ನಿಂತು, “ನಮಸ್ತೇ ದೋಸ್ತೋ!” ಎಂದ. ಅಪ್ಪ ಬಿದ್ದು ಬಿದ್ದು ನಕ್ಕ. “ಎದುರುಮನಿ ಟಿವಿ ಕೇಳಿ ಕಲತಾನ” ಎಂದೆ. ಅವನು ಅವ್ವಾ, ಅಪ್ಪಾ, ಅನ್ನ, ನೀರು ಬಿಟ್ಟರೆ ಬೇರೆ ಮಾತು ಆಡುವುದನ್ನೇ ಕಡಿಮೆ ಮಾಡಿದ್ದ. ಅದನ್ನು ಯಾರೂ ಗಮನಿಸಲಿಲ್ಲ. ಗಮನಿಸಬೇಕಾದವಳು ನಾನು.

ಇಲ್ಲಿಯವರೆಗಿನದು ಕೊರೋನಾದ ತಪ್ಪು ಎನ್ನಬಹುದು. ಇನ್ನು ಹೇಳುವುದು ನನ್ನದೇ.

ಲಾಕ್‌ಡೌನ್ ಮುಗಿದು ಓಣಿಯ ಬಾಯಿಗೆ ಅಡ್ಡ ಕಟ್ಟಿದ್ದ ಕಟ್ಟಿಗೆ ಬಿಚ್ಚಿದರು. ಮಕ್ಕಳು ಬಿಚ್ಚಿಬಿಟ್ಟ ಕೋಳಿಗಳಂತೆ ಹೊರಗೆ ಬಂದವು. ಶಂಕ್ರು ಹೊಸ್ತಿಲವರೆಗೆ ಹೋಗಿ ಬಿಸಿಲಿಗೆ ಕಣ್ಣು ಕಿರಿದು ಮಾಡಿ ಹಿಂದೆ ಬಂದ. ನಾಲ್ಕು ಹೆಜ್ಜೆ ಓಡಿಸಿದರೆ ಮುಗ್ಗರಿಸಿ ಬೀಳುತ್ತಿದ್ದ. ಮೊಬೈಲ್ ಕಸಿದರೆ ಉಸಿರು ಹಿಡಿದು ಅಳುತ್ತಿದ್ದ. ಮತ್ತೆ ಹೊರಗೆ ರೂಢಿ ಮಾಡಿಸಬೇಕೆಂದರೆ ಅವನ ಹಿಂದೆ ಓಡಬೇಕು, ಅಳಿಸಬೇಕು, ಎತ್ತಿಕೊಳ್ಳಬೇಕು. ನನಗೆ ಬೇಸರ. ಅಂಗನವಾಡಿ ತೆರೆದಾಗ ಅಲ್ಲಿಯ ಟೀಚರ್ ಮನೆಗೇ ಬಂದು, “ಶಂಕ್ರೂನ್ನ ಕಳಸವಾ, ಎಲ್ಲಾ ಹುಡುಗ್ರೂ ಬರಾಕತ್ತಾವ” ಎಂದರು. ಅವನು ಒಳಗೆ ಬುಟ್ಟಿಯ ಹತ್ತಿರ ಕುಳಿತಿದ್ದ.

“ಕೆಮ್ಮು ಐತ್ರಿ ಅಂವಗ” ಎಂದೆ.

ಆ ಕಾಲದಲ್ಲಿ ಕೆಮ್ಮು ಎಂಬ ಮಾತಿಗಿದ್ದ ಬಲ ನಿಮಗೆ ನೆನಪಿರಬಹುದು. ಟೀಚರ್ ಮೆಟ್ಟಿಲಿನಿಂದ ಕೆಳಗಿಳಿದು ನಿಂತರು. “ಹಂಗಾರ ಬ್ಯಾಡವಾ, ಆರಾಮ ಆದಮ್ಯಾಲೆ ಕಳಸು” ಎಂದು ಮೂಗಿನ ಮೇಲಿನ ಬಟ್ಟೆ ಬಿಗಿ ಮಾಡಿಕೊಂಡು ಹೋದರು. ಇಷ್ಟು ಸುಲಭದ ಸುಳ್ಳು ಸಿಕ್ಕರೆ ಯಾರು ಬಿಡುತ್ತಾರೆ? ಅವರು ಬಂದಾಗಲೆಲ್ಲ ಅವನಿಗೆ ಕೆಮ್ಮು. ಅವ್ವ ಕೇಳಿದಾಗಲೂ ಕೆಮ್ಮು, ಹಗಲಿನಲ್ಲಿ ಮಾತ್ರ ಬರುವ ಕೆಮ್ಮು. ಊರಿನ ಬೀಗ ತೆಗೆದ ಮೇಲೂ ಬಹಳ ತಿಂಗಳು ನಮ್ಮ ಮನೆಯ ಬೀಗವನ್ನು ನಾನೇ ಹಾಕಿಟ್ಟಿದ್ದೆ. ನೂಲು ಮತ್ತೆ ಬಂದು, ಅಪ್ಪ ಮಗ್ಗಕ್ಕಿಳಿದು, ನಾನು ರಾಟೆಯ ಮುಂದೆ ಕುಳಿತ ಮೇಲೂ, ಅವ್ವ ಇನ್ನೂ ಹೊಲಕ್ಕೆ ಹೋಗುತ್ತಿದ್ದಷ್ಟು ದಿನ, ಅವನು ಅಪ್ಪನಿಗೆ ಕಾಣದ ಹಿಂದಿನ ಕೋಣೆಯಲ್ಲಿ ಮೊಬೈಲ್ ಹಿಡಿದಿರುತ್ತಿದ್ದ. ಮಗ್ಗದ ಸದ್ದಿಗೆ ಅವನು ಮಲಗುವುದಿರಲಿ, ಕಿವಿ ಮುಚ್ಚಿಕೊಳ್ಳುತ್ತಿದ್ದ. ಆ ಸದ್ದಿನಲ್ಲಿ ಅವನಿಗೆ ಮೊಬೈಲ್ ಕೇಳಿಸುತ್ತಿರಲಿಲ್ಲ.

ಈಗ ಸಾಲೆಯಲ್ಲಿ ಅವನು ಬೆಳಿಗ್ಗೆ ತೂಕಡಿಸುತ್ತಾನೆ. ಆಟದ ಪಿರಿಯಡ್ಡಿನಲ್ಲಿ ಬೇವಿನ ಗಿಡದ ಕೆಳಗೆ ಕೂತಿರುತ್ತಾನೆ. ಓಡುವ ಮಕ್ಕಳು ಅವನಿಗೆ “ಅಜ್ಜಾ” ಎಂದು ಹೆಸರಿಟ್ಟಿದ್ದಾರೆ. ಮೊಬೈಲನ್ನು ಈಗ ನಾನು ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕುತ್ತೇನೆ. ಆದರೂ ರಾತ್ರಿ ಕಣ್ಣು ಬಿಟ್ಟುಕೊಂಡು ಬಿದ್ದಿರುತ್ತಾನೆ, ಕೇಳಿದರೆ “ನಿದ್ದಿ ಎಲ್ಲಿಂದ ಬರತೈತಕ್ಕಾ?” ಎಂದು ಕೇಳುತ್ತಾನೆ. ಮಾಸ್ತರು, “ಇವೆಲ್ಲಾ ಕೊರೋನಾದ ಹುಡುಗ್ರು” ಎಂದು ಕೈ ಕೊಡವಿಬಿಡುತ್ತಾರೆ. ಅವ್ವ ಹಾಗೆನ್ನುವುದಿಲ್ಲ. ಅವಳ ಲೆಕ್ಕವೇ ಬೇರೆ. ವಯಸ್ಸು ಮೀರಿ ಹೆತ್ತದ್ದಕ್ಕೆ, ಒಣಗಿದ ಹೊಟ್ಟೆಯಲ್ಲಿ ಬೆಳೆದದ್ದಕ್ಕೆ ಮಗ ಹೀಗಾದನೆಂದು ನಂಬಿದ್ದಾಳೆ. ಅವನು ಒಂದನೆಯ ತರಗತಿಗೆ ಹೋದ ವರ್ಷದಿಂದ ಸೋಮವಾರ ಒಪ್ಪತ್ತು ಹಿಡಿದಿದ್ದಾಳೆ. ಹಗಲೆಲ್ಲ ಬರೀ ನೀರು, ಹೊತ್ತು ಮುಳುಗಿದ ಮೇಲೆ ಒಂದು ಊಟ. ಹಸಿದ ಹೊಟ್ಟೆಯಲ್ಲಿ ಅವಳು ಒಂದೇ ಎಳೆಯನ್ನು ಎರಡೆರಡು ಸಲ ಜೋಡಿಸುವುದನ್ನು ನೋಡುತ್ತ ನಾನು ಕಂಡಿಕೆ ಸುತ್ತಿದ್ದೇನೆ. ಸಂಜೆ ರೊಟ್ಟಿ ಬಡಿದು ಬಡಿಸಿದ್ದೇನೆ. ಒಂದು ಮಾತು ಹೇಳಿದ್ದರೆ ಆ ಉಪವಾಸ ನಿಲ್ಲುತ್ತಿತ್ತು.

ಹೋದ ತಿಂಗಳು ರೋಣದ ಒಂದು ದವಾಖಾನೆಗೆ ಅವನನ್ನು ಕರೆದುಕೊಂಡು ಹೋದೆವು. ಮಕ್ಕಳ ಡಾಕ್ಟರು ವಯಸ್ಸಾದವರು, ಸಾವಕಾಶ ಮಾತಾಡುವವರು. ಎದೆ ನೋಡಿದರು, ಕಣ್ಣು ನೋಡಿದರು.

“ಸಣ್ಣಂವಿದ್ದಾಗ ಮೊಬೈಲ್ ಭಾಳ ನೋಡತಿದ್ನೇನವಾ?”

ಅವ್ವ ನನಗಿಂತ ಮೊದಲು ಬಾಯಿ ತೆರೆದಳು. “ಇಲ್ರಿ ಸಾಹೇಬ್ರ. ಈಕಿ ಕಡೆ ಒಂದ ಐತಿ, ಅಂವಗ ಮುಟ್ಟಾಕೂ ಕೊಟ್ಟಿಲ್ಲ. ನಾವು ಕೂಲಿಗಿ ಹೋದ್ರ ಈಕಿನ ನೋಡಕೋತಿದ್ಲು. ಹೊತ್ತಿಗಿ ಸರಿಯಾಗಿ ಉಣಸಿ ಮಲಗಸಾಕಿ. ನನಗಿಂತ ಚಲೋ ಜ್ವಾಪಾನ ಮಾಡ್ಯಾಳ್ರಿ.”

ಡಾಕ್ಟರು ಶಂಕ್ರುವಿನ ಕಡೆಗೆ ಬಗ್ಗಿದರು. “ಹೌದೇನಪಾ ಸರದಾರ?”

ಶಂಕ್ರು ನನ್ನ ಮುಖ ನೋಡಿದ. ಆಮೇಲೆ ನೆಲ ನೋಡಿ, “ಹೌದ್ರಿ. ಚಲೋ ನಿದ್ದಿ ಮಾಡತಿದ್ದೆ” ಎಂದ.

ಅದು ನನ್ನ ಮಾತು. ಅಕ್ಷರಕ್ಕಕ್ಷರ ನನ್ನದು. ಆಗಿನ್ನೂ ಸರಿಯಾಗಿ ಮಾತು ಬಾರದ ಮಗುವಿಗೆ, ಅವ್ವ ಕೇಳಿದರೆ ಹೀಗೆನ್ನಬೇಕೆಂದು ನಾನೇ ಕಲಿಸಿದ್ದೆ. ಅಕ್ಷರ ಕಲಿಸಲಿಲ್ಲ, ಹಾಡು ಕಲಿಸಲಿಲ್ಲ, ಕಲಿಸಿದ್ದು ಅದೊಂದು. ಅವನು ಅದನ್ನು ಇಷ್ಟು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದ, ನನ್ನ ಸಲುವಾಗಿ.

“ನಾ ವಯಸ್ಸಾದಮ್ಯಾಲೆ ಹಡದೀನ್ರಿ, ಅದಕ್ಕ ಹಿಂಗ ಆಗೇತಿ” ಎಂದಳು ಅವ್ವ.

“ಅದಕ್ಕೂ ಇದಕ್ಕೂ ಸಂಬಂಧ ಇಲ್ಲವಾ.”

“ನೀವು ಸಮಾಧಾನಕ್ಕ ಹೇಳತೀರಿ. ಗುಳಗಿ ಬರದ ಕೊಡ್ರಿ.”

“ಇದಕ್ಕ ಗುಳಗಿ ಇಲ್ಲ. ದಿನಾ ಬಯಲಾಗ ಆಡಾಕ ಬಿಡ್ರಿ, ದಣೀಲಿ. ಮೊಬೈಲ್, ಟಿವಿ ದೂರ ಇಡ್ರಿ. ತಡಾ ಆಗತೈತಿ, ಆದ್ರ ಆಗತೈತಿ. ಮನಿಯವರು ಯಾರಾರ ಒಬ್ರು ಅಂವನ ಬೆನ್ನ ಹತ್ತಬೇಕು.”

ಗುಳಿಗೆ ಕೊಡದ ಡಾಕ್ಟರನ್ನು ಅವ್ವ ನಂಬಲಿಲ್ಲ. ತಿರುಗಿ ಬರುವ ಬಸ್ಸು ಹಳೆಯದು. ಅದರ ತಗಡೆಲ್ಲ ಬಡಿದುಕೊಳ್ಳುತ್ತಿತ್ತು. ಸ್ವಲ್ಪ ದೂರ ಬರುವಷ್ಟರಲ್ಲಿ ಶಂಕ್ರು ಅವ್ವನ ತೊಡೆಯ ಮೇಲೆ ಉರುಳಿದ. ಬಾಯಿ ತೆರೆದುಕೊಂಡಿತ್ತು. ಅವ್ವ ಅವನ ಹಣೆಯ ಕೂದಲು ಸರಿಸಿ, ನನಗೆ ಮಾತ್ರ ಕೇಳುವಂತೆ, “ನನ್ನ ಪಾಪ ಇದು. ನಾ ಮಾಡಿದ್ದು ಇಂವ ಉಣ್ಣಾಕತ್ತಾನ” ಎಂದಳು.

“ನಿಂದಲ್ಲವಾ” ಎಂದೆ. ಹೇಳಿದೆ. ಬುಟ್ಟಿಯ ತಳದ ಮೊಬೈಲು, ಕೌದಿಯೊಳಗಿನ ಮೊಬೈಲು, ನನ್ನ ಮಧ್ಯಾಹ್ನದ ನಿದ್ದೆ, ಎಲ್ಲವನ್ನೂ. ಅವ್ವ ಕಿಟಕಿಯ ಹೊರಗೆ ನೋಡುತ್ತಿದ್ದಳು. ಅಲ್ಲಿಂದ ಮುಖ ತಿರುಗಿಸದೆ ಕೇಳಿದಳು:

“ಅಂಗನವಾಡಿ ಚಾಲೂ ಆದಮ್ಯಾಲೂ?”

“ಹೂಂ.”

“ಮತ್ತ ಅಂವಗ ಕೆಮ್ಮು ಇತ್ತಲ್ಲ?”

“ಇರಲಿಲ್ಲ.”

“ನಾ ಕಷಾಯ ಕುದಸತಿದ್ದೆ. ಹೊಲದಿಂದ ಬಂದು, ನಿಂತ ಕಾಲಮ್ಯಾಲೆ. ಮೆಣಸು, ಶುಂಠಿ, ತುಳಸಿ.”

“ಹೂಂ.”

“ಖಾರ ಆಕ್ಕೈತಿ ಅಂತ ಅಳತಿದ್ದ. ಮೂಗ ಹಿಡದು ಕುಡಸೀನಿ.”

ನಾನು ಮುಂದಿನ ಸೀಟಿನ ಕಂಬಿ ಹಿಡಿದುಕೊಂಡೆ.

“ನೀನ ಕೈ ಹಿಡಕೋತಿದ್ದಿ ಅಂವಂದು” ಎಂದಳು.

ಹೌದು, ಅವನು ಒದ್ದಾಡದಂತೆ ಕೈ ಹಿಡಿದುಕೊಳ್ಳುತ್ತಿದ್ದವಳು ನಾನೇ. ಇದನ್ನು ನಾನು ಮರೆತಿದ್ದೆ. ನಿಜವಾಗಿಯೂ ಮರೆತಿದ್ದೆ. ಮರೆಯಬಾರದ್ದನ್ನೇ ಮನಸ್ಸು ಎಷ್ಟು ಚೆನ್ನಾಗಿ ಗುಡಿಸಿ ಹಾಕುತ್ತದೆ!

ಗಜೇಂದ್ರಗಡದ ಸ್ಟ್ಯಾಂಡಿನಲ್ಲಿ ಇಳಿದಾಗ ಶಂಕ್ರುವನ್ನು ಎಬ್ಬಿಸದೆ, ಅಷ್ಟು ದೊಡ್ಡ ಹುಡುಗನನ್ನು ಅವ್ವ ಹೆಗಲ ಮೇಲೆ ಹಾಕಿಕೊಂಡಳು. “ನಾ ತಗೋತೀನಿ ಕೊಡವಾ” ಎಂದು ಕೈ ಚಾಚಿದೆ. ಅವಳು ನನ್ನ ಕೈ ದಾಟಿ ನಡೆದಳು.

ಆಮೇಲಿನ ದಿನಗಳಲ್ಲಿ ಅವಳು ನನ್ನೊಡನೆ ಮಾತಾಡಲಿಲ್ಲ. ಅಪ್ಪನಿಗೂ ಹೇಳಲಿಲ್ಲ. ಸಂಜೆ ತಾನೇ ಶಂಕ್ರುವಿನ ಕೈ ಹಿಡಿದು ಗುಡ್ಡದ ಕಡೆಗೆ ಹೋಗುತ್ತಿದ್ದಳು. ಅವನು ಅಳುತ್ತ ಹೋಗುತ್ತಿದ್ದ, ಅಳುತ್ತ ಬರುತ್ತಿದ್ದ. ರಾತ್ರಿ ಮೊದಲಿನಂತೆಯೇ ಕಣ್ಣು ಬಿಟ್ಟುಕೊಂಡಿರುತ್ತಿದ್ದ.

ಸೋಮವಾರ ಬಂತು. ಸಾಲೆಗೆ ಸೂಟಿ ಇತ್ತು. ಮಧ್ಯಾಹ್ನ ಅಪ್ಪನಿಗೂ ಶಂಕ್ರುವಿಗೂ ಬಡಿಸಿ, ನನಗೊಂದು ತಾಟು ಹಚ್ಚಿಕೊಂಡೆ. ಅವ್ವ ನೂಲು ಬಿಟ್ಟು ಎದ್ದು, ಕೈ ತೊಳೆದು ಬಂದು, ಅಪ್ಪನ ಪಕ್ಕದಲ್ಲಿ ಕುಳಿತಳು. ತಾಟಿಗಾಗಿ ಕೈ ಮುಂದೆ ಮಾಡಿದಳು. ನನಗೆ ತಿಳಿಯಲಿಲ್ಲ. ಶಂಕ್ರು ಬಾಯಲ್ಲಿಯ ತುತ್ತು ನುಂಗಿ, “ಅವ್ವಾ, ಇವತ್ತ ಸೋಮಾರ” ಎಂದ.

“ಗೊತ್ತೈತಿ ಉಣ್ಣಪಾ” ಎಂದು ಅವ್ವ ರೊಟ್ಟಿ ಮುರಿದಳು. ನನ್ನ ಕಡೆ ನೋಡಲಿಲ್ಲ. “ಇನ್ನ ಮುಂದ ಸೋಮಾರ ನಿಮ್ಮಕ್ಕಂದು.”

ನಾನು ನನ್ನ ತಾಟನ್ನು ಎತ್ತಿ ಒಳಗಿಟ್ಟೆ.